ಕಿಡ್ನಿಗೆ ಕಿಟ್ ಕೊಟ್ಟರು, ಕಾಯಿಲೆ ಇದ್ದದ್ದು ಲಿವರಿನಲ್ಲಿ

ಐದಕ್ಕೆ ಒಂದು ನಕ್ಷತ್ರ. ಅದೂ ರಿಸೆಪ್ಷನ್‌ನಲ್ಲಿ ಕೂತಿದ್ದ ಹುಡುಗಿಗೆ.

ಕಿಡ್ನಿ ಕಾಯಿಲೆಗೆ ಆಯುರ್ವೇದ ಚಿಕಿತ್ಸೆ ಕೊಡುವ ಒಂದು ಕ್ಲಿನಿಕ್ಕಿನ ವಿಮರ್ಶೆ ಇದು. ಹೆಸರು ಹಾಕುತ್ತಿಲ್ಲ. ನಾನು ಡಿ.ಫಾರ್ಮಾ ಓದಿ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ನಿಲ್ಲುವವಳು. ಇಂಥ ಕಿಟ್ಟುಗಳ ಡಬ್ಬಿ ಹಿಡಿದುಕೊಂಡು ‘ಇದರ ಜೊತೆ ಬಿಪಿ ಮಾತ್ರೆ ತಗೋಬಹುದಾ’ ಅಂತ ಕೇಳಲು ಬರುವವರನ್ನು ದಿನಾ ನೋಡುತ್ತೇನೆ. ಬೋರ್ಡು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಬ್ಬರ ಹೆಸರು ಬರೆದು ಉಳಿದವರನ್ನು ಬಿಟ್ಟಂತಾಗುವುದು ಬೇಡ. ಲಿವರ್ ಸಿರೋಸಿಸ್ ಆಗಿ (ಲಿವರ್ ಗಟ್ಟಿಯಾಗಿ), ಹೊಟ್ಟೆಯಲ್ಲಿ ನೀರು ತುಂಬಿ, ಅದರ ಬೆನ್ನಿಗೇ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಏರಿದವರು ಮನೆಯಲ್ಲಿದ್ದರೆ ಓದಿ. ಬರೀ ಕಿಡ್ನಿ ತೊಂದರೆ ಇರುವವರ ವಿಷಯ ಬೇರೆ, ಅದು ಇಲ್ಲಿ ಬರುವುದಿಲ್ಲ.

ರೋಗಿ ನನ್ನ ಭಾವ, ನಮ್ಮೆಜಮಾನರ ಅಣ್ಣ. ವಯಸ್ಸು 58. ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಹಳೇ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಕೊಬ್ಬು ಕಟ್ಟಿದ ಲಿವರ್; ಅದೇ ವರ್ಷಗಟ್ಟಲೆ ಸದ್ದಿಲ್ಲದೆ ಗಟ್ಟಿಯಾಗುತ್ತಾ ಹೋಗಿ ಸಿರೋಸಿಸ್ಸಿಗೆ ಬಂದಿತ್ತು. (ನೋಡಲು ಬಂದ ನೆಂಟರು ಹೊರಗೆ ಚಪ್ಪಲಿ ಮೆಟ್ಟುವಾಗ ‘ಎಷ್ಟು ಕುಡೀತಿದ್ರು?’ ಅಂತ ಪಿಸುಗುಟ್ಟುತ್ತಿದ್ದದ್ದು ಅಕ್ಕನ, ಅಂದರೆ ಭಾವನ ಹೆಂಡತಿಯ, ಕಿವಿಗೆ ಬೀಳುತ್ತಿತ್ತು. ಸಿರೋಸಿಸ್ ಅಂದರೆ ಕುಡಿತ ಅಂದುಕೊಂಡವರಿಗೆ ಎಷ್ಟು ಹೇಳಿದರೂ ಅಷ್ಟೇ.) ಕಣ್ಣು ಹಳದಿ, ಕಾಲು ಊದಿ, ಹೊಟ್ಟೆ ತಮಟೆಯ ಹಾಗೆ ಬಿಗಿ. 1.1 ಇದ್ದ ಕ್ರಿಯಾಟಿನಿನ್ 2.6ಕ್ಕೆ ಹೋದ ದಿನ ಗ್ಯಾಸ್ಟ್ರೋ ಡಾಕ್ಟರು ‘ಹೆಪಟೋರೀನಲ್ ಸಿಂಡ್ರೋಮ್ ಇರೋ ಹಾಗಿದೆ, ಈವತ್ತೇ ಅಡ್ಮಿಟ್ ಆಗಿ’ ಅಂದರು. ಲಿವರ್ ಕೈಕೊಟ್ಟದ್ದರಿಂದ ಕಿಡ್ನಿಯೂ ಕೆಲಸ ನಿಲ್ಲಿಸುವ ಸ್ಥಿತಿ ಅದು. ಮನೆಯವರಿಗೆ ಕೇಳಿಸಿದ್ದು ಮಾತ್ರ ‘ಡಯಾಲಿಸಿಸ್’. ಡಾಕ್ಟರು ಆ ಮಾತನ್ನೇ ಎತ್ತಿರಲಿಲ್ಲ. ರಾತ್ರಿಯೊಳಗೆ ಯಾರೋ ಒಂದು ವಿಡಿಯೋ ಕಳಿಸಿದರು, ಡಯಾಲಿಸಿಸ್ ಇಲ್ಲದೆ ಕಿಡ್ನಿ ಸರಿಮಾಡುವ ಮಹಿಮೆಯದು. ಬೆಳಗ್ಗೆ ಅಕ್ಕ ಫೈಲು ತೆಗೆದುಕೊಂಡು ಹೊರಟರು. ಬೇಡ ಅಂದ ನನಗೆ ‘ನೀನು ಬೇಕಾದ್ರೆ ಜೊತೇಲಿ ಬಾ, ಅಡ್ಡಗಾಲು ಹಾಕ್ಬೇಡ’ ಅಂತ ಉತ್ತರ ಬಂತು. ಹೋದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಜಾಗ ಚೊಕ್ಕಟ. ಕಾಯಿಸಲಿಲ್ಲ. ರಿಸೆಪ್ಷನ್ ಹುಡುಗಿ ಭಾವನ ಕಾಲು ನೋಡಿ ತಾನಾಗಿಯೇ ಇನ್ನೊಂದು ಕುರ್ಚಿ ಎಳೆದು ಕಾಲು ಮೇಲಿಡಲು ಕೊಟ್ಟಳು. ಒಳಗಿನ ವೈದ್ಯರೂ ಅಕ್ಕನ ಮಾತನ್ನು ಅರ್ಧಕ್ಕೆ ತುಂಡರಿಸದೆ ಪೂರ್ತಿ ಕೇಳಿದರು. ದೊಡ್ಡಾಸ್ಪತ್ರೆಯ ಓಪಿಡಿಯಲ್ಲಿ ಐದು ನಿಮಿಷವೂ ಸಿಗದೆ ಸೋತವರಿಗೆ ಇದೇ ಅರ್ಧ ಔಷಧಿ ಅನ್ನಿಸುತ್ತದೆ, ಅಕ್ಕನಿಗೂ ಅನ್ನಿಸಿತು. ಜನ ಯಾಕೆ ಹೋಗುತ್ತಾರೆ ಅನ್ನುವುದು ನನಗೆ ಆ ಕೋಣೆಯಲ್ಲೇ ಅರ್ಥವಾಯಿತು.

ಆದರೆ ಅವರು ಫೈಲಿನಲ್ಲಿ ನೋಡಿದ್ದು ಒಂದೇ ಸಾಲು. ಕ್ರಿಯಾಟಿನಿನ್ ಮುಂದೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ಅಮ್ಮಾ, ಗಾಬರಿಯಾಗ್ಬೇಡಿ, ಏಳೆಂಟು ಇದ್ದೋರನ್ನೇ ಇಳಿಸಿದ್ದೀವಿ, ಇದು ಬರೀ ಎರಡೂವರೆ’ ಅಂದರು. ಅದೇ ಹಾಳೆಯ ಕೆಳಗೆ ಲಿವರಿನ ಕಥೆ ಹೇಳುವ ಬಿಲಿರುಬಿನ್, ಆಲ್ಬುಮಿನ್, ಸೋಡಿಯಂ ಎಲ್ಲಾ ಇತ್ತು. ಹಿಂದಿನ ಪುಟದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಇತ್ತು. ಹಾಳೆ ತಿರುಗಲೇ ಇಲ್ಲ. ಬಿಪಿ ನೋಡಲಿಲ್ಲ. ಈಗ ಯಾವ ಮಾತ್ರೆ ನಡೆಯುತ್ತಿದೆ ಅಂತ ಕೇಳಲಿಲ್ಲ. ಭಾವ ಆಗ ಸ್ಪೈರೊನೊಲ್ಯಾಕ್ಟೋನ್ ಅನ್ನುವ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರು. ‘ಸಾರ್, ಇದು ಲಿವರಿಂದ ಬಂದಿರೋದಂತೆ’ ಅಂತ ನಾನೇ ಬಾಯಿ ಹಾಕಿದೆ. ‘ಎಲ್ಲಾ ಒಂದೇ ಮೇಡಂ, ಯಕೃತ್ತಿಗೂ ಸೇರಿಸಿ ಕೊಡ್ತೀವಿ’ ಅಂದರು.

ಎಲ್ಲಾ ಒಂದೇ ಅಲ್ಲ. ಇಡೀ ತಕರಾರು ಇರುವುದೇ ಇಲ್ಲಿ.

ಹೆಪಟೋರೀನಲ್ ಸಿಂಡ್ರೋಮಿನಲ್ಲಿ ಕಿಡ್ನಿ ಕೆಟ್ಟಿರುವುದಿಲ್ಲ. ಸ್ಕ್ಯಾನಿನಲ್ಲಿ ಅದರ ಗಾತ್ರ, ಆಕಾರ ಸರಿಯಾಗಿಯೇ ಇರುತ್ತದೆ, ಮೂತ್ರದಲ್ಲಿ ರಕ್ತ, ಪ್ರೊಟೀನು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಗಟ್ಟಿಯಾದ ಲಿವರಿನ ಮೂಲಕ ರಕ್ತ ಸರಾಗ ಹರಿಯದೆ, ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಹೊಟ್ಟೆ, ಕರುಳಿನ ರಕ್ತನಾಳಗಳು ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳಿಂದ ಹಿಗ್ಗಿ ರಕ್ತವನ್ನೆಲ್ಲ ಅಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಕೆಳಗಿನ ಮನೆಯ ನಲ್ಲಿಗಳನ್ನೆಲ್ಲ ಪೂರ್ತಿ ತಿರುಗಿಸಿಟ್ಟರೆ ಮಹಡಿಯ ಬಚ್ಚಲಲ್ಲಿ ನೀರು ಬರುವುದಿಲ್ಲವಲ್ಲ, ಕಿಡ್ನಿಯದು ಆ ಮಹಡಿಯ ಪಾಡು. ಒತ್ತಡ ಕಾಪಾಡಲು ದೇಹ ಸುರಿಸುವ ಹಾರ್ಮೋನುಗಳು ಕಿಡ್ನಿಯ ರಕ್ತನಾಳವನ್ನೇ ಇನ್ನಷ್ಟು ಬಿಗಿ ಮಾಡುತ್ತವೆ. ಮೂತ್ರ ಕಡಿಮೆಯಾಗುತ್ತಾ ಹೋಗುತ್ತದೆ. 1969ರಲ್ಲಿ ಅಮೆರಿಕದ ವೈದ್ಯರು ಇದೇ ಸ್ಥಿತಿಯಲ್ಲಿ ತೀರಿಕೊಂಡವರ ಕಿಡ್ನಿಗಳನ್ನು ಬೇರೆ ರೋಗಿಗಳಿಗೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ಹೊಸ ಮೈಯಲ್ಲಿ ಅವು ಕೆಲಸ ಮಾಡಿದವು. ಅಷ್ಟು ಗಟ್ಟಿಮುಟ್ಟಾದ ಕಿಡ್ನಿಯನ್ನು ‘ಶುದ್ಧಿ’ ಮಾಡುವುದಕ್ಕೆ ಕ್ಲಿನಿಕ್ಕಿನವರು ಕಿಟ್ ಮಾರುತ್ತಿದ್ದಾರೆ.

ಇನ್ನು ಅವಧಿ. ಕಿಟ್ಟು 30 ದಿನದ್ದು, ‘ಕನಿಷ್ಠ ಮೂರು ಕಿಟ್ ಬೇಕು’ ಅಂದರು. ಈ ಕಾಯಿಲೆಯ ಜೋರಿನ ಬಗೆಯಲ್ಲಿ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ರೋಗಿಗಳು ಸುಮಾರು 2 ವಾರ ದಾಟುವುದಿಲ್ಲ. ನಿಧಾನದ ಬಗೆಯಲ್ಲಿ ಸುಮಾರು 6 ತಿಂಗಳು. ನಿಧಾನವಾಗಿ ಹದಗೆಡುವ ಕಿಡ್ನಿಯವರಿಗೆ ಹೊಲಿದ ಅಂಗಿಯನ್ನೇ ಇಲ್ಲೂ ತೊಡಿಸುತ್ತಾರೆ.

ಡಬ್ಬಿ ಬಿಚ್ಚಿದ ಮೇಲೆ ನನ್ನ ಕಸುಬಿನ ಬುದ್ಧಿ ಸುಮ್ಮನಿರಲಿಲ್ಲ. ಒಳಗಿದ್ದದ್ದು ಒಂದು ಕಷಾಯದ ಬಾಟಲಿ, ಒಂದು ಆಸವ, ಕಪ್ಪು ಗುಳಿಗೆಯ ಎರಡು ಡಬ್ಬಿ, ಮತ್ತೆ 1, 2, 3 ಅಂತ ಮಾರ್ಕರಿನಲ್ಲಿ ಬರೆದ ಚೂರ್ಣದ ಪೊಟ್ಟಣಗಳು. ಪೊಟ್ಟಣದ ಮೇಲೆ ಆ ಅಂಕಿ ಬಿಟ್ಟರೆ ಏನೂ ಇಲ್ಲ: ಯಾವ ಗಿಡ, ಯಾವ ಬ್ಯಾಚು, ಯಾವ ತಾರೀಖು, ಏನೂ. ಆಸವದ ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿದೆ. ಪುನರ್ನವಾಸವ. ಆಸವ, ಅರಿಷ್ಟಗಳೆಲ್ಲ ಹುದುಗಿಸಿ ಮಾಡುವಂಥವು, ಅವುಗಳಲ್ಲಿ ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಭಾಗ. ಲೇಬಲ್ಲಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು. ಒಂದು ತೊಟ್ಟು ಮುಟ್ಟದ ಭಾವನಿಗೆ, ಲಿವರ್ ಕೈಕೊಟ್ಟ ಮೇಲೆ, ಊಟವಾದ ತಕ್ಷಣ ದಿನಕ್ಕೆರಡು ಸಲ! ಅಕ್ಕನಿಗೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ‘ಔಷಧೀಲಿ ಇರೋದು ಹೆಂಡ ಆಗುತ್ತೇನೇ’ ಅಂದರು. ಲಿವರಿಗೆ ಆ ಭೇದ ಗೊತ್ತಾಗುವುದಿಲ್ಲ ಅಂದೆ. ಆಸವ ಒಂದನ್ನು ಪಕ್ಕಕ್ಕಿಟ್ಟರು, ಉಳಿದದ್ದು ಶುರುವಾಯಿತು.

ಕಪ್ಪು ಗುಳಿಗೆ ಆರೋಗ್ಯವರ್ಧಿನಿ. ಕಟುಕರೋಹಿಣಿ ಅದರ ಮುಖ್ಯ ಗಿಡಮೂಲಿಕೆ, ಅದರ ಜೊತೆಗೆ ಪಾದರಸ, ಗಂಧಕ ಅರೆದ ಕಜ್ಜಳಿ, ಲೋಹ ಭಸ್ಮ, ಅಭ್ರಕ ಭಸ್ಮ, ತಾಮ್ರ ಭಸ್ಮ. ನಮ್ಮ ಅಂಗಡಿಯಲ್ಲೂ ಮಾರುತ್ತೇವೆ, ಸುಳ್ಳು ಹೇಳುವುದಿಲ್ಲ. ಇಂಥ ಔಷಧಿಗಳ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಇರಬೇಕು ಅಂತ ನಿಯಮವೇ ಇದೆ. ಪಾದರಸ ಕಿಡ್ನಿಯ ಸೋಸುವ ಪೊರೆಯನ್ನೇ ಹಾಳುಮಾಡಬಲ್ಲದು. ಮೂತ್ರವೇ ಇಳಿಯದವರಿಗೆ ಅದನ್ನು ಕೊಡುವ ಧೈರ್ಯ ನನಗಂತೂ ಇಲ್ಲ. ಕಷಾಯದಲ್ಲಿ ಪುನರ್ನವ (ನಮ್ಮ ಕೊಮ್ಮೆ ಗಿಡ), ನೆಗ್ಗಿಲು, ನೆಲನೆಲ್ಲಿ, ಅಮೃತಬಳ್ಳಿ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದವರ ಬಗ್ಗೆ 2021ರಲ್ಲಿ ಮುಂಬಯಿಯ ವೈದ್ಯರು ಬರೆದಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ದೊಡ್ಡ ಜಟಾಪಟಿಯೇ ನಡೆಯಿತು. ಆ ಜಗಳ ತೀರುವವರೆಗೆ ಹಳದಿ ಕಣ್ಣಿನವರು ಅದರಿಂದ ದೂರ ಇರುವುದು ಮೇಲು.

ಪುನರ್ನವ, ನೆಗ್ಗಿಲು ಎರಡೂ ಮೂತ್ರ ಹೆಚ್ಚಿಸುವಂಥವು. ಕ್ಲಿನಿಕ್ಕಿನವರು ಹೆಮ್ಮೆಯಿಂದ ಹೇಳಿಕೊಂಡದ್ದೂ ಅದನ್ನೇ: ‘ಮೂತ್ರ ಧಾರಾಳ ಹೋಗುತ್ತೆ.’ ಹೆಪಟೋರೀನಲ್ ಅಂತ ಅನುಮಾನ ಬಂದ ತಕ್ಷಣ ಆಸ್ಪತ್ರೆಯವರು ಮೊದಲು ಮಾಡುವುದು ಮೂತ್ರ ಹೆಚ್ಚಿಸುವ ಮಾತ್ರೆ ನಿಲ್ಲಿಸುವುದು. ನಿಲ್ಲಿಸಿ, ಒಂದೆರಡು ದಿನ, ದಿನಕ್ಕೆ ಮೈತೂಕದ ಕಿಲೋಗೆ 1 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೊಟೀನು) ಏರಿಸಿ ನೋಡುತ್ತಾರೆ. ಇಲ್ಲಿ ನಡೆದದ್ದು ಪೂರ್ತಿ ಉಲ್ಟಾ. ಪುನರ್ನವದಲ್ಲಿ ಪೊಟ್ಯಾಸಿಯಂ ಬೇರೆ ಜಾಸ್ತಿ, ಸ್ಪೈರೊನೊಲ್ಯಾಕ್ಟೋನ್ ಮೊದಲೇ ಪೊಟ್ಯಾಸಿಯಂ ಏರಿಸುವ ಮಾತ್ರೆ.

ಪಥ್ಯದ ಹಾಳೆಯ ಬಗ್ಗೆ ಎರಡು ಮಾತು. ಉಪ್ಪು ಬಿಡಿ ಅಂತ ಮೊದಲ ಸಾಲಿನಲ್ಲೇ ಇತ್ತು, ಭಲೇ ಅನ್ನುವಷ್ಟರಲ್ಲಿ ಎರಡನೇ ಸಾಲು: ಸೈಂಧವ ಲವಣ ಬೇಕಾದಷ್ಟು ಬಳಸಿ. ಅದೂ ಸೋಡಿಯಂ ಕ್ಲೋರೈಡೇ ಸ್ವಾಮಿ. ಆಮೇಲೆ ಬೇಳೆ, ಹಾಲು, ಮೊಸರು, ಮೊಟ್ಟೆ ಪೂರ್ತಿ ಬಂದ್. ಸಿರೋಸಿಸ್‌ನವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು, ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಬೇಕು, ಹೊಟ್ಟೆ ಖಾಲಿ ಬಿಟ್ಟಷ್ಟೂ ಮಾಂಸ ಕರಗುತ್ತದೆ. ಭಾವನ ತೋಳು ಆಗಲೇ ಕೋಲಾಗಿತ್ತು.

ಮೂರನೇ ದಿನಕ್ಕೆ ಭೇದಿ ಶುರುವಾಯಿತು. ಚೂರ್ಣ ನಂಬರ್ 2ರ ಕೆಲಸ ಇರಬೇಕು. ಫಾಲೋಅಪ್‌ಗೆ ಫೋನ್ ಮಾಡಿದ ಹುಡುಗ ‘ದೋಷ ಹೊರಗೆ ಹೋಗ್ತಿದೆ, ನಿಲ್ಲಿಸ್ಬೇಡಿ’ ಅಂದ. ಸಿರೋಸಿಸ್ ರೋಗಿಗಳಿಗೆ ತಲೆಗೆ ಅಮೋನಿಯಾ ಏರದಿರಲಿ ಅಂತ ಲ್ಯಾಕ್ಟ್ಯುಲೋಸ್ ಸಿರಪ್ ಕೊಟ್ಟು ಮಲ ಸಡಿಲ ಮಾಡುವುದುಂಟು, ಅದೂ ದಿನಕ್ಕೆ 2–3 ಸಲ ಮೆತ್ತಗೆ ಆಗುವಷ್ಟು. ನೀರಿನಂತೆ ಹೋಗುತ್ತಿದ್ದರೆ ಇರುವ ರಕ್ತದೊತ್ತಡವೂ ಕುಸಿಯುತ್ತದೆ. ಭಾವನ ಮೇಲಿನ ಬಿಪಿ 84ಕ್ಕೆ ಇಳಿಯಿತು. ಸಂಜೆ ಮಗನನ್ನು ‘ನೀವು ಯಾರ ಕಡೆಯೋರು?’ ಅಂತ ಕೇಳಿದರು. ಕೈ ಮುಂದೆ ಚಾಚಿ ಅಂದರೆ ಬೆರಳುಗಳು ಪಟಪಟ ಬಡಿದುಕೊಂಡವು. ಅಕ್ಕ ಅವತ್ತು ಯಾರನ್ನೂ ಏನೂ ಕೇಳಲಿಲ್ಲ, ತಾವೇ ಆಂಬುಲೆನ್ಸಿಗೆ ಫೋನ್ ಮಾಡಿದರು.

ಕ್ರಿಯಾಟಿನಿನ್ 4.1, ಪೊಟ್ಯಾಸಿಯಂ 5.9. ಹೊಟ್ಟೆಯ ನೀರು ತೆಗೆದು ಪರೀಕ್ಷಿಸಿದಾಗ ಸೋಂಕಿನ ಬಿಳಿಕಣಗಳು 250ರ ಗೆರೆ ದಾಟಿ ಎಷ್ಟೋ ಮೇಲಿದ್ದವು. ಹೊಟ್ಟೆನೀರಿನ ಸೋಂಕು ಈ ಕಾಯಿಲೆಗೆ ಕಿಡಿ ಹಚ್ಚುವ ಮುಖ್ಯ ಕಾರಣಗಳಲ್ಲಿ ಒಂದು. ಹಾಗಾಗಿ ಎಲ್ಲ ತಪ್ಪನ್ನೂ ಕಿಟ್ಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸೋಂಕು ಮೊದಲೇ ಇದ್ದಿರಬಹುದು, ಅದೊಂದೇ ಸಾಕಿತ್ತು ಕೂಡ. ನನ್ನ ದೂರು ಬೇರೆ. ಸಿರೋಸಿಸ್ ರೋಗಿಯ ಕ್ರಿಯಾಟಿನಿನ್ ದಿಢೀರನೆ ಏರಿದೆ ಅಂದರೆ ಆ ನೀರನ್ನು ಅವತ್ತೇ ಪರೀಕ್ಷಿಸಬೇಕು. ನೀರು ಪರೀಕ್ಷೆ ಆಯಿತಾ ಅಂತ ಒಂದು ಮಾತು ಕೇಳದೆ ಡಬ್ಬಿ ಕೊಟ್ಟು ಕಳಿಸಿದರಲ್ಲ, ಅದು.

ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್, ಆಲ್ಬುಮಿನ್, ಟರ್ಲಿಪ್ರೆಸಿನ್ ಇಂಜೆಕ್ಷನ್. ಟರ್ಲಿಪ್ರೆಸಿನ್ ಆ ಹಿಗ್ಗಿದ ಕರುಳಿನ ರಕ್ತನಾಳಗಳನ್ನು ಬಿಗಿಮಾಡಿ ರಕ್ತವನ್ನು ಕಿಡ್ನಿಯ ಕಡೆಗೆ ತಳ್ಳುತ್ತದೆ. ಅದೇನು ಸಂಜೀವಿನಿಯಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್‌ನಲ್ಲಿ ಅದನ್ನು ಪಡೆದವರಲ್ಲಿ ನೂರಕ್ಕೆ 32 ಮಂದಿಗೆ ಕಿಡ್ನಿ ತಿರುಗಿಕೊಂಡಿತು, ಹೋಲಿಕೆಗೆಂದು ಔಷಧಿಯಿಲ್ಲದ ಇಂಜೆಕ್ಷನ್ ಪಡೆದವರಲ್ಲಿ 17. ಉಸಿರಾಟದ ತೊಂದರೆಯಿಂದ ಸತ್ತವರು ಔಷಧಿ ಪಡೆದವರಲ್ಲೇ ಹೆಚ್ಚು. ಹಾಗಾಗಿ ಭಾವನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಗಲೂ ರಾತ್ರಿ ಇತ್ತು, ಹೊಟ್ಟೆ ಹಿಂಡುತ್ತದೆ ಅಂತ ನರಳುತ್ತಲೂ ಇದ್ದರು. ಈ ಅಂಕಿಗಳನ್ನು ಡ್ಯೂಟಿ ಡಾಕ್ಟರೇ ಮಗನಿಗೆ ಕೂರಿಸಿ ಹೇಳಿದರು, ಆಗದೆಯೂ ಇರಬಹುದು ಅಂತಲೂ ಹೇಳಿದರು. ಆಗಬಹುದು ಅನ್ನುವವರ ಬಾಯಲ್ಲೇ ಆಗದಿರಬಹುದು ಅನ್ನುವುದೂ ಬಂದರೆ ನನಗೆ ಅವರ ಮೇಲೆ ನಂಬಿಕೆ ಕೂರುತ್ತದೆ. ಭಾವನದು ಹೆಚ್ಚುಕಡಿಮೆ ಆ 32ರ ಕಡೆಗೆ ಬಿತ್ತು. ಕ್ರಿಯಾಟಿನಿನ್ 1.6ಕ್ಕೆ ಇಳಿದು ನಿಂತಿದೆ.

ಇದನ್ನು ಓದಿ ಆಯುರ್ವೇದವನ್ನೇ ಬೈಯಲು ಶುರುಮಾಡುವವರಿಗೆ ಒಂದು ವಿಷಯ. ನಮ್ಮ ಅಂಗಡಿಯ ಎದುರು ಸಾಲಿನಲ್ಲಿ ಒಬ್ಬರು ವಯಸ್ಸಾದ ವೈದ್ಯರಿದ್ದಾರೆ. ಭಾವ ವಾರ್ಡಿನಲ್ಲಿದ್ದಾಗ ಫೈಲಿನ ಜೆರಾಕ್ಸ್ ತೆಗೆದುಕೊಂಡು ಹೋಗಿ ತೋರಿಸಿದೆ. ಹಾಳೆ ಹಾಳೆ ತಿರುಗಿಸಿದರು, ಬಿಲಿರುಬಿನ್ ಹತ್ತಿರ ನಿಂತರು. ‘ನೋಡಮ್ಮ, ಜಲೋದರದಲ್ಲಿ ನೀರು ತುಂಬಿಬಿಟ್ಟ ಮೇಲೆ ಅದು ಅಸಾಧ್ಯದ ಪಟ್ಟಿಗೆ ಹತ್ತಿರ ಅಂತ ಚರಕದಲ್ಲೇ ಇದೆ. ನನ್ನ ಹತ್ರ ಇದಕ್ಕೆ ಔಷಧಿ ಇಲ್ಲ. ಅವರು ಕೊಡೋದ್ರ ಜೊತೆ ನೀವೇನೂ ಬೆರೆಸ್ಬೇಡಿ’ ಅಂದರು. ಫೀಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಅವರಿಗೇ ಮಾತಿಗೆ ಉತ್ಸಾಹ ಬಂದು ಸುಶ್ರುತ ಹೊಟ್ಟೆಯ ನೀರು ತೆಗೆಯುವ ವಿಧಾನ ವಿವರಿಸಿದರು: ಹೊಕ್ಕುಳಿನ ಕೆಳಗೆ ಎಡಕ್ಕೆ ನಾಲ್ಕು ಅಂಗುಲ ಬಿಟ್ಟು ವ್ರೀಹಿಮುಖ ಅನ್ನುವ ಶಸ್ತ್ರದಿಂದ ಚುಚ್ಚಿ, ನಾಳ ಇಟ್ಟು ಹರಿಸಬೇಕು, ಒಂದೇ ದಿನ ಪೂರ್ತಿ ತೆಗೆಯಬಾರದು, ತೆಗೆದ ಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಕು. ಒಮ್ಮೆಗೇ ತೆಗೆದರೆ ಬಾಯಾರಿಕೆ, ಜ್ವರ, ಏದುಸಿರು ಬರುತ್ತದೆ ಅಂತ ಅಷ್ಟು ಹಿಂದೆಯೇ ಗಮನಿಸಿದ್ದಾರೆ. ಇವತ್ತು 5 ಲೀಟರ್‌ಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡುವುದೂ ರಕ್ತದ ಓಟ ಕುಸಿಯದಿರಲಿ ಅಂತಲೇ. ಇಂಥ ಕಣ್ಣಿದ್ದ ಶಾಸ್ತ್ರದ ಹೆಸರಿನಲ್ಲಿ ನಂಬರ್ ಬರೆದ ಪೊಟ್ಟಣ ಮಾರುತ್ತಾರೆ, ಹೊಟ್ಟೆ ಉರಿಯುವುದು ಅದಕ್ಕೇ.

ದುಡ್ಡಿನ ವಿಚಾರ: ಪೂರ್ತಿ ಮುಂಗಡ, ಬಿಚ್ಚಿದ ಕಿಟ್ ವಾಪಸಿಲ್ಲ. ಅದೇ ಹಣದಲ್ಲಿ ಆಲ್ಬುಮಿನ್ ಬಾಟಲಿಗಳು ಬರುತ್ತಿದ್ದವು. ರಸೀದಿಯಲ್ಲಿ ಕಾಯಿಲೆಯ ಹೆಸರಿಲ್ಲ, ಔಷಧಿಯ ಹೆಸರಿಲ್ಲ, ‘ವೆಲ್‌ನೆಸ್ ಪ್ಯಾಕೇಜ್’ ಅಂತಷ್ಟೇ. ಬಾಯಲ್ಲಿ ಕೊಟ್ಟ ಭರವಸೆ ಕಾಗದಕ್ಕೆ ಇಳಿಯಲಿಲ್ಲ, ಕಾರಣವೂ ಇದೆ. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆ 1954ರಿಂದ ಇದೆ. ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮೈಯಲ್ಲಿ ನೀರು ತುಂಬುವ ಡ್ರಾಪ್ಸಿಯೂ ಇದೆ, ಕಿಡ್ನಿಯ ಬ್ರೈಟ್ಸ್ ಡಿಸೀಸೂ ಇದೆ. ವಿಡಿಯೋದಲ್ಲಿ ಅಷ್ಟು ಜೋರಾಗಿ ಮಾತಾಡುವವರು ರಸೀದಿಯಲ್ಲಿ ಮೌನ. ಹೋಗಲೇಬೇಕು ಅನ್ನುವವರು ‘ಹೆಪಟೋರೀನಲ್ ಸಿಂಡ್ರೋಮ್‌ಗೆ ಚಿಕಿತ್ಸೆ’ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ, ಪ್ರತಿ ಪೊಟ್ಟಣದಲ್ಲಿ ಏನಿದೆ ಅಂತ ಬರೆದುಕೊಡಿ ಅಂತ ಕೇಳಿ ನೋಡಿ. ನಮಗೆ ಎರಡೂ ಸಿಗಲಿಲ್ಲ. ಫಾಲೋಅಪ್ ಹುಡುಗ ಮಾತ್ರ ಇನ್ನೂ ಫೋನ್ ಮಾಡುತ್ತಾನೆ, ಎರಡನೇ ಕಿಟ್ಟಿಗೆ ರಿಯಾಯಿತಿ ಇದೆಯಂತೆ.

ಇದಕ್ಕೆ ಕೊನೆಯ ಚಿಕಿತ್ಸೆ ಲಿವರ್ ಕಸಿಯೇ. ಲಿವರ್ ಬದಲಾದರೆ ಕಿಡ್ನಿ ಬಹುತೇಕ ತಾನಾಗಿ ಸರಿಹೋಗುತ್ತದೆ. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಭಾವನ ಹೆಸರು ನೋಂದಣಿಯಾಗಿದೆ. ಮಗ ತನ್ನ ಲಿವರಿನ ಭಾಗ ಕೊಡುತ್ತೇನೆ ಅಂತ ಪರೀಕ್ಷೆಗೆ ಹೋದ. ಬ್ಲಡ್ ಗ್ರೂಪ್ ಹೊಂದಿತು, ಆದರೆ ಸ್ಕ್ಯಾನಿನಲ್ಲಿ ಅವನ ಲಿವರಿನಲ್ಲೂ ಕೊಬ್ಬು ಕಂಡಿತು. 31 ವರ್ಷಕ್ಕೇ. ತೂಕ ಇಳಿಸಿಕೊಂಡು ಬಂದರೆ ಮತ್ತೆ ನೋಡುತ್ತೇವೆ ಅಂದಿದ್ದಾರೆ. ಭಾವನ ಕಿಟ್ಟಿನಲ್ಲಿ ಉಳಿದದ್ದನ್ನು ಅಕ್ಕ ಅವನಿಗೆ ‘ಲಿವರಿಗೆ ಒಳ್ಳೇದು’ ಅಂತ ಕೊಟ್ಟುಬಿಟ್ಟಾರು ಅಂತ ಡಬ್ಬಿಯನ್ನು ನಾನೇ ಅಂಗಡಿಗೆ ತಂದಿಟ್ಟುಕೊಂಡಿದ್ದೇನೆ.